ಸೆವೆರ್ನ್ ದಂಡೆಯ ಶಾಲೆ, ಅಲ್ಲಿಂದ ಹೊರಟವರು

ಬರ್ಮಿಂಗ್‌ಹ್ಯಾಮಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ಕೂತರೆ ಶ್ರೂಸ್‌ಬರಿ. ವೇಲ್ಸ್ ಗಡಿಗೆ ಹತ್ತಿರದ ಶ್ರಾಪ್‌ಶೈರ್ ಸೀಮೆಯ ಮುಖ್ಯ ಊರು. ಸೆವೆರ್ನ್ ನದಿ ಈ ಊರನ್ನು ಹೆಚ್ಚುಕಡಿಮೆ ಪೂರ್ತಿ ಬಳಸಿಕೊಂಡು ಹರಿಯುತ್ತದೆ. ರೈಲು ನಿಲ್ದಾಣದ ಪ್ಲಾಟ್‌ಫಾರ್ಮುಗಳೇ ನದಿಯ ಮೇಲೆ ಚಾಚಿಕೊಂಡಿವೆ. ಹೆಚ್ಚಿನ ಪ್ರವಾಸಿಗರು ಇಲ್ಲಿಗೆ ಬರುವುದು ಮರದ ಚೌಕಟ್ಟಿನ ಹಳೆಯ ಮನೆಗಳನ್ನು, ಓರೆಕೋರೆ ಓಣಿಗಳನ್ನು ನೋಡಲು. ನಾನು ಬಂದದ್ದು ಒಂದು ಶಾಲೆಗಾಗಿ. ಮಕ್ಕಳಿಗೆ ಪಾಠ ಹೇಳುತ್ತಲೇ ಬದುಕು ಕಳೆದವನಿಗೆ, ನಾಲ್ಕೂವರೆ ಶತಮಾನ ಬಾಳಿದ ಶಾಲೆಯೊಂದರಿಂದ ಎಂತೆಂಥವರು ಹೊರಬಂದರು, ಅವರ ಜೊತೆ ಶಾಲೆಯದೇನು ಹೋಯಿತು ಎಂದು ತಿಳಿಯುವ ಆಸೆ ಇರುವುದು ಸಹಜ. ಬರ್ಮಿಂಗ್‌ಹ್ಯಾಮಿನಲ್ಲಿ ಕೆಲಸದಲ್ಲಿರುವ ಮಗಳು ರಜೆ ಹಾಕಿ ಜೊತೆಗೆ ಬಂದಳು.

ನಿಲ್ದಾಣದಿಂದ ಏರು ರಸ್ತೆಯಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಎಡಕ್ಕೆ ಕೋಟೆ, ಅದರ ಎದುರಿಗೇ ಹಳೆಯ ಕಲ್ಲಿನ ಕಟ್ಟಡ. ಈಗ ಅದು ಊರಿನ ಸಾರ್ವಜನಿಕ ಗ್ರಂಥಾಲಯ. 1882ರವರೆಗೆ ಶ್ರೂಸ್‌ಬರಿ ಶಾಲೆ ನಡೆದದ್ದು ಇದೇ ಜಾಗದಲ್ಲಿ. ಶಾಲೆಗೆ ಸನ್ನದು ಸಿಕ್ಕಿದ್ದು 1552ರಲ್ಲಿ, ಆರನೆಯ ಎಡ್ವರ್ಡ್ ದೊರೆಯಿಂದ. ಬಾಗಿಲ ಇಬ್ಬದಿಯಲ್ಲಿ ಇಬ್ಬರು ವಿದ್ಯಾರ್ಥಿಗಳ ಕಲ್ಲಿನ ಮೂರ್ತಿಗಳಿವೆ. ಅವರ ಕೆಳಗೆ ಗ್ರೀಕಿನಲ್ಲಿ ಕೆತ್ತಿದ ಮಾತು, ಕಲಿಕೆಯನ್ನು ಪ್ರೀತಿಸಿದರೆ ಬಹಳ ಬಲ್ಲವನಾಗುವೆ ಎಂದು. ಮುಂದೆ ಅಂಗಳದಲ್ಲಿ ಕುರ್ಚಿಯಲ್ಲಿ ಕೂತ ಗಡ್ಡದ ಮುದುಕ, ಕಂಚಿನಲ್ಲಿ. ಚಾರ್ಲ್ಸ್ ಡಾರ್ವಿನ್. 1897ರಲ್ಲಿ ನಿಲ್ಲಿಸಿದ ಪ್ರತಿಮೆ.

"ಅಪ್ಪಾ, ಈ ಶಾಲೆ ತನಗೆ ಏನೂ ಕಲಿಸಲಿಲ್ಲ ಅಂತ ಅವನೇ ಬರೆದಿದಾನಲ್ಲ? ಮತ್ತೆ ಅವನನ್ನೇ ಬಾಗಿಲಲ್ಲಿ ಕೂರಿಸಿದಾರೆ!" ಅಂದಳು ಮಗಳು.

ಹೌದು, ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಡಾರ್ವಿನ್ 1818ರಿಂದ 1825ರವರೆಗೆ, ಒಂಬತ್ತರಿಂದ ಹದಿನಾರರ ವಯಸ್ಸಿನವರೆಗೆ, ಇಲ್ಲಿ ವಸತಿ ವಿದ್ಯಾರ್ಥಿ. ಹಿಂದಿನ ವರ್ಷವಷ್ಟೇ ತಾಯಿ ತೀರಿಕೊಂಡಿದ್ದಳು. ಆಗ ಮುಖ್ಯೋಪಾಧ್ಯಾಯರಾಗಿದ್ದವರು ಡಾಕ್ಟರ್ ಸ್ಯಾಮ್ಯುಯೆಲ್ ಬಟ್ಲರ್. ಪಾಠವೆಂದರೆ ಲ್ಯಾಟಿನ್, ಗ್ರೀಕ್, ಸ್ವಲ್ಪ ಪ್ರಾಚೀನ ಭೂಗೋಳ, ಚರಿತ್ರೆ. ಬೆಳಗಿನ ಪ್ರಾರ್ಥನೆ ಮುಗಿಯುವುದರೊಳಗೆ ವರ್ಜಿಲನದೋ ಹೋಮರನದೋ ನಲವತ್ತು ಐವತ್ತು ಸಾಲು ಬಾಯಿಪಾಠ ಮಾಡುತ್ತಿದ್ದನಂತೆ, ನಲವತ್ತೆಂಟು ಗಂಟೆಯಲ್ಲಿ ಅಷ್ಟನ್ನೂ ಮರೆಯುತ್ತಿದ್ದನಂತೆ. ಅಣ್ಣ ಎರಾಸ್ಮಸ್ ಮನೆಯ ತೋಟದ ಸಲಕರಣೆ ಕೋಣೆಯಲ್ಲಿ ರಸಾಯನಶಾಸ್ತ್ರದ ಪ್ರಯೋಗಶಾಲೆ ಹೂಡಿದ್ದ. ತಮ್ಮ ಅವನ ಸಹಾಯಕ. ಅದು ಹೇಗೋ ಶಾಲೆಯಲ್ಲಿ ಗೊತ್ತಾಗಿ ಹುಡುಗರು ಅವನಿಗೆ "ಗ್ಯಾಸ್" ಎಂದು ಹೆಸರಿಟ್ಟರು. ಕೆಲಸಕ್ಕೆ ಬಾರದ ವಿಷಯಕ್ಕೆ ಹೊತ್ತು ಹಾಳುಮಾಡುತ್ತೀಯೆಂದು ಬಟ್ಲರ್ ಎಲ್ಲರೆದುರು ಬೈದರು. ಅತ್ತ ತಂದೆಯೂ ಒಮ್ಮೆ ರೇಗಿ, ಬಂದೂಕು, ನಾಯಿ, ಇಲಿ ಹಿಡಿಯುವುದು ಬಿಟ್ಟರೆ ನಿನಗೆ ಬೇರೇನೂ ಬೇಡ, ನಿನಗೂ ಮನೆತನಕ್ಕೂ ಅವಮಾನ ತರುತ್ತೀಯ ಎಂದರು. ಆ ಮಾತು ಅವನ ಮನಸ್ಸಿನಿಂದ ಮುಪ್ಪಿನವರೆಗೂ ಹೋಗಲಿಲ್ಲ. ತಂದೆ ತುಂಬ ಕರುಣಾಳು, ಆಗ ಸಿಟ್ಟಿನಲ್ಲಿ ಹಾಗಂದಿರಬೇಕು ಎಂದು ಜೊತೆಗೇ ಸಮಾಧಾನವನ್ನೂ ಬರೆದಿಟ್ಟ.

ಆದರೆ ಅದೇ ಆತ್ಮಕಥೆಯ ಇನ್ನೊಂದು ಸಾಲಿಗಾಗಿಯೇ ನಾನು ಈ ಕಟ್ಟಡದೊಳಗೆ ಹೋದದ್ದು. ಶಾಲೆಯ ದಪ್ಪ ಗೋಡೆಯ ಹಳೆಯ ಕಿಟಕಿಯೊಂದರಲ್ಲಿ ಕೂತು ಗಂಟೆಗಟ್ಟಲೆ ಶೇಕ್ಸ್‌ಪಿಯರನ ಚಾರಿತ್ರಿಕ ನಾಟಕಗಳನ್ನು ಓದುತ್ತಿದ್ದೆ ಎನ್ನುತ್ತಾನೆ. ಸಹಪಾಠಿಯೊಬ್ಬನ ಬಳಿ ಜಗತ್ತಿನ ಅದ್ಭುತಗಳ ಪುಸ್ತಕವೊಂದಿತ್ತು. ದೂರದೇಶಗಳಿಗೆ ಹೋಗಬೇಕೆಂಬ ಆಸೆ ಮೊದಲು ಹುಟ್ಟಿದ್ದು ಅದರಿಂದಲೇ ಎನ್ನುತ್ತಾನೆ. ಈ ಗೋಡೆಗಳ ದಪ್ಪ ನೋಡಿದರೆ ಸಾಲು ಅರ್ಥವಾಗುತ್ತದೆ. ಕಿಟಕಿಯ ಹೊರಮುಖಕ್ಕೂ ಒಳಮುಖಕ್ಕೂ ನಡುವೆ ಒಬ್ಬ ಹುಡುಗ ಕಾಲು ಮಡಚಿ, ಯಾರ ಕಣ್ಣಿಗೂ ಬೀಳದೆ ಕೂರುವಷ್ಟು ಎಡೆಯಿದೆ. ಅವನು ಕೂತ ಕಿಟಕಿ ಇದೇ ಎಂದು ತೋರಿಸಲು ಯಾರಿಗೂ ಆಗುವುದಿಲ್ಲ, ತೋರಿಸಬೇಕಾಗಿಯೂ ಇಲ್ಲ. 1831ರ ಕೊನೆಗೆ ಬೀಗಲ್ ಹಡಗು ಹತ್ತಿದಾಗ ಅವನಿಗೆ ಇಪ್ಪತ್ತೆರಡು. ಮರಳಿದ್ದು ಐದು ವರ್ಷದ ಮೇಲೆ.

ಬಟ್ಲರರನ್ನು ಇಲ್ಲಿ ಖಳನಾಯಕ ಮಾಡಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಅವರು 1798ರಲ್ಲಿ ಬಂದಾಗ ಶಾಲೆ ನೆಲಕಚ್ಚಿತ್ತು, ಉಳಿದಿದ್ದ ಹುಡುಗರು ಬೆರಳೆಣಿಕೆಯಷ್ಟು. ಮೂವತ್ತೆಂಟು ವರ್ಷ ದುಡಿದು, ಕೇಂಬ್ರಿಜ್‌ನ ಬಹುಮಾನಗಳನ್ನು ಬಾಚಿಕೊಳ್ಳುವ ಶಾಲೆಯಾಗಿ ಅದನ್ನು ಕಟ್ಟಿದರು. ತಮ್ಮ ಅಳತೆಗೋಲಿಗೆ ಸಿಗದ ಹುಡುಗನೊಬ್ಬ ಅವರಿಗೆ ಕಾಣಲಿಲ್ಲ. ಅದು ಎಲ್ಲ ಕಾಲದ ಮೇಷ್ಟರುಗಳಿಗೂ ಆಗುವಂಥದು. ಇದಕ್ಕೊಂದು ಮುಂದುವರಿಕೆಯೂ ಇದೆ. ಅವರ ಮೊಮ್ಮಗ, ಅದೇ ಹೆಸರಿನ ಲೇಖಕ ಸ್ಯಾಮ್ಯುಯೆಲ್ ಬಟ್ಲರ್, ಇಲ್ಲಿಯದೇ ವಿದ್ಯಾರ್ಥಿ. ಮೊದಲು ಡಾರ್ವಿನ್ನನನ್ನು ಮೆಚ್ಚಿದವನು 1879ರ ಹೊತ್ತಿಗೆ ಅವನ ವಿರುದ್ಧ ಪುಸ್ತಕವನ್ನೇ ಬರೆದ. ಅಜ್ಜನ ಶಾಲೆಯ ಇಬ್ಬರು ಹಳೆಯ ವಿದ್ಯಾರ್ಥಿಗಳ ಈ ಮನಸ್ತಾಪ ಡಾರ್ವಿನ್ ಬದುಕಿರುವವರೆಗೂ ತಿಳಿಯಾಗಲಿಲ್ಲ.

ಗ್ರಂಥಾಲಯದಿಂದ ಊರೊಳಗೆ ಇಳಿದು ಚೌಕಕ್ಕೆ ಬಂದರೆ ರಾಬರ್ಟ್ ಕ್ಲೈವನ ಪ್ರತಿಮೆ. ಅವನು ಈ ಶಾಲೆಯವನಲ್ಲ, ಈ ಊರಿನ ಮೇಯರ್ ಹಾಗೂ ಪಾರ್ಲಿಮೆಂಟ್ ಸದಸ್ಯನಾಗಿದ್ದವನು. ಕನ್ನಡಿಗನೊಬ್ಬ ಇಲ್ಲಿ ನಿಂತಾಗ ಅವನ ಮಗ ಎಡ್ವರ್ಡ್ ಕ್ಲೈವ್ ನೆನಪಾಗದಿರನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರ್ ಅವನೇ. ಟಿಪ್ಪುವಿನ ಡೇರೆ, ಸಿಂಹಾಸನದ ಹುಲಿತಲೆಗಳಲ್ಲೊಂದು ಇಲ್ಲಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗಿನ ವೆಲ್ಷ್‌ಪೂಲ್ ಊರಿನ ಪೊವಿಸ್ ಕೋಟೆಯಲ್ಲಿವೆ. ನಮ್ಮ ಮಣ್ಣಿನ ವಸ್ತುಗಳು ಇಷ್ಟು ದೂರದ ಬೆಟ್ಟದೂರಿನಲ್ಲಿ ಇರುವುದು ನನಗೆ ನೋವಿನ ಸಂಗತಿಯೇ. ಮರುದಿನ ಅಲ್ಲಿಗೂ ಹೋದೆವು. ಅದರ ಕಥೆ ಬೇರೆಯದೇ.

ಚೌಕದಿಂದ ಕ್ವಾರಿ ಎಂಬ ಉದ್ಯಾನ. ಹುಲ್ಲಿನ ಇಳಿಜಾರು ನೇರ ನದಿಗೆ ಇಳಿಯುತ್ತದೆ. ಮೊದಲ ಹೆಸರಾಂತ ಮುಖ್ಯೋಪಾಧ್ಯಾಯ ಥಾಮಸ್ ಆಷ್ಟನ್ 1560ರ ದಶಕದಲ್ಲಿ ಇಲ್ಲೇ ಬಯಲಿನಲ್ಲಿ ನಾಟಕ ಆಡಿಸುತ್ತಿದ್ದರು. ಅವರ ಕಾಲದಲ್ಲಿ, 1564ರ ಅಕ್ಟೋಬರಿನಲ್ಲಿ, ಒಂದೇ ದಿನ ಇಬ್ಬರು ಹುಡುಗರು ಶಾಲೆಗೆ ಸೇರಿದರು. ಇಬ್ಬರಿಗೂ ಹತ್ತರ ಆಸುಪಾಸು. ಒಬ್ಬ ಫಿಲಿಪ್ ಸಿಡ್ನಿ, ಇನ್ನೊಬ್ಬ ಫುಲ್ಕ್ ಗ್ರೆವಿಲ್. ಸಿಡ್ನಿ ಕವಿಯಾದ, ರಾಯಭಾರಿಯಾದ, ಎಲಿಜಬೆತ್ ರಾಣಿಯ ಆಸ್ಥಾನದ ಕಣ್ಮಣಿಯಾದ. 1586ರಲ್ಲಿ ನೆದರ್‌ಲ್ಯಾಂಡ್ಸಿನ ಜುಟ್ಫೆನ್ ಕಾಳಗದಲ್ಲಿ ತೊಡೆಗೆ ಗುಂಡು ಬಿದ್ದು ಮೂವತ್ತೊಂದನೆಯ ವಯಸ್ಸಿಗೆ ತೀರಿಕೊಂಡ. ಗಾಯಗೊಂಡು ಬಾಯಾರಿದ್ದಾಗ, ತನಗೆ ತಂದ ನೀರನ್ನು ಪಕ್ಕದಲ್ಲಿ ಸಾಯುತ್ತಿದ್ದ ಸಿಪಾಯಿಗೆ ಕೊಟ್ಟು, ನನಗಿಂತ ನಿನಗೆ ಇದು ಹೆಚ್ಚು ಬೇಕು ಎಂದನೆಂಬ ಕಥೆಯನ್ನು ನಮಗೆ ಹೇಳಿದವನು ಗ್ರೆವಿಲ್. ಗೆಳೆಯನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿಯೂ ಅವನಿದ್ದ. ಅವನ ಬದುಕು ಮುಂದೆ ನಲವತ್ತೆರಡು ವರ್ಷ ಸಾಗಿತು. ಹಣಕಾಸಿನ ಮಂತ್ರಿ, ಶ್ರೀಮಂತ, ವಾರ್ವಿಕ್ ಕೋಟೆಯ ಒಡೆಯ. ವಾರ್ವಿಕ್‌ನ ಸೇಂಟ್ ಮೇರಿ ಚರ್ಚಿನಲ್ಲಿ ಅವನ ಸಮಾಧಿಯ ಮೇಲೆ ಅವನೇ ಬರೆಸಿದ ಪರಿಚಯ ಇಷ್ಟೇ: ಎಲಿಜಬೆತ್ ರಾಣಿಯ ಸೇವಕ, ಜೇಮ್ಸ್ ದೊರೆಯ ಮಂತ್ರಿ, ಸರ್ ಫಿಲಿಪ್ ಸಿಡ್ನಿಯ ಗೆಳೆಯ. ರಾಣಿ, ದೊರೆ ಇಬ್ಬರ ಸಾಲಿನಲ್ಲಿ ಶಾಲೆಯ ಗೆಳೆಯನನ್ನು ನಿಲ್ಲಿಸಿದ ಈ ಮೂರು ಸಾಲಿಗಿಂತ ದೊಡ್ಡ ಗೌರವ ಯಾವ ಶಾಲೆಗೂ ಸಿಗಲಾರದು ಎಂದು ನನಗೆ ಅನ್ನಿಸುತ್ತದೆ.

ಈಗಿನ ಶಾಲೆ ನದಿಯಾಚೆಯ ದಿಬ್ಬದ ಮೇಲೆ, ಕಿಂಗ್ಸ್‌ಲ್ಯಾಂಡಿನಲ್ಲಿದೆ. ಮುಖ್ಯ ಕಟ್ಟಡವನ್ನು 1760ರ ದಶಕದಲ್ಲಿ ಕಟ್ಟಿದ್ದು ಅನಾಥ ಮಕ್ಕಳಿಗಾಗಿ. ಆಮೇಲೆ ಅದು ಬಡವರ ದುಡಿಮೆಯ ಮನೆಯಾಯಿತು, ಕೊನೆಗೆ ಉಳ್ಳವರ ಮಕ್ಕಳ ಶಾಲೆ. ಮೊದಲೇ ಬರೆದು ಒಪ್ಪಿಗೆ ಪಡೆದಿದ್ದರಿಂದ ಆವರಣದಲ್ಲಿ ಸುತ್ತಾಡಲು ಬಿಟ್ಟರು. ಮೊದಲ ಮಹಾಯುದ್ಧದಲ್ಲಿ ಮಡಿದ ವಿದ್ಯಾರ್ಥಿಗಳ ಸ್ಮಾರಕದ ಮೇಲೆ ನಿಂತವನು ಸಿಡ್ನಿಯೇ.

ಯುದ್ಧ ನಡೆಯುತ್ತಿದ್ದಾಗ ಇಲ್ಲಿ ಓದುತ್ತಿದ್ದ ಆಂಡ್ರ್ಯೂ ಇರ್ವಿನ್ ಬಗ್ಗೆ ಮಗಳಿಗೆ ನನಗಿಂತ ಹೆಚ್ಚು ಗೊತ್ತು; ಅವಳು ಬೆಟ್ಟ ಹತ್ತುವವಳು. ಶಾಲೆಯಲ್ಲಿರುವಾಗಲೇ, ತಿರುಗುವ ಪ್ರೊಪೆಲ್ಲರಿಗೆ ತಾಗದಂತೆ ವಿಮಾನದಿಂದ ಮೆಷಿನ್‌ಗನ್ ಹಾರಿಸುವ ಸಾಧನದ ನಕ್ಷೆ ಬರೆದು ಯುದ್ಧ ಇಲಾಖೆಗೆ ಕಳಿಸಿದ್ದ. ಸೆವೆರ್ನ್ ಮೇಲೆ ದೋಣಿ ನಡೆಸಲು ಕಲಿತವನು 1923ರಲ್ಲಿ ಕೇಂಬ್ರಿಜನ್ನು ಸೋಲಿಸಿದ ಆಕ್ಸ್‌ಫರ್ಡ್ ದೋಣಿಯಲ್ಲಿದ್ದ. ಮರುವರ್ಷ ಎವರೆಸ್ಟ್. ದೊಡ್ಡ ಪರ್ವತಗಳ ಅನುಭವ ಹೆಚ್ಚಿರಲಿಲ್ಲ, ಆದರೆ ಕೆಟ್ಟುಹೋಗುತ್ತಿದ್ದ ಆಮ್ಲಜನಕದ ಉಪಕರಣಗಳನ್ನು ಬಿಚ್ಚಿ ಸರಿಮಾಡುವ ಕೈ ಅವನದು. 1924ರ ಜೂನ್ 8ರಂದು ತಂಡದ ಹಿರಿಯ ಆರೋಹಿ ಜಾರ್ಜ್ ಮ್ಯಾಲೊರಿಯ ಜೊತೆ ತುದಿಯತ್ತ ಏರುತ್ತಿದ್ದುದನ್ನು ಕೆಳಗಿನಿಂದ ಅದೇ ತಂಡದ ಓಡೆಲ್ ಕಂಡರು, ಆಮೇಲೆ ಮೋಡ ಮುಚ್ಚಿತು. ಇರ್ವಿನ್‌ಗೆ ಇಪ್ಪತ್ತೆರಡು. ಮ್ಯಾಲೊರಿಯ ದೇಹ ಸಿಕ್ಕಿದ್ದು 1999ರಲ್ಲಿ. 2024ರಲ್ಲಿ ರೊಂಗ್‌ಬುಕ್ ಹಿಮನದಿಯ ಮೇಲೆ ಬೂಟಿನೊಳಗಿನ ಪಾದವೊಂದು ಸಿಕ್ಕಿತು. ಕಾಲುಚೀಲಕ್ಕೆ ಹೊಲಿದ ಪಟ್ಟಿಯಲ್ಲಿ ಅವನ ಹೆಸರಿತ್ತು. "ಹಾಸ್ಟೆಲ್ ಮಕ್ಕಳ ಬಟ್ಟೆಗೆ ಹೆಸರು ಹೊಲೀತಾರಲ್ಲ ಅಪ್ಪಾ, ಹಾಗೆ," ಅಂದಳು. ನಾನು ಉತ್ತರ ಹೇಳಲಿಲ್ಲ.

ಅದೇ ವರ್ಷಗಳಲ್ಲಿ ಇಲ್ಲಿದ್ದ ಇನ್ನೊಬ್ಬ ಹುಡುಗ ನೆವಿಲ್ ಷೂಟ್ ನಾರ್ವೆ. 1916ರ ಈಸ್ಟರ್ ದಂಗೆಯಲ್ಲಿ ಡಬ್ಲಿನ್‌ನಲ್ಲಿ ಗಾಯಾಳುಗಳನ್ನು ಹೊತ್ತವನು, ಉಗ್ಗಿನಿಂದಾಗಿ ಸೇನಾಧಿಕಾರಿಯಾಗಲಿಲ್ಲ. ಆರ್100 ಎಂಬ ವಾಯುನೌಕೆಯ ಎಂಜಿನಿಯರನಾದ. ಅದು 1930ರಲ್ಲಿ ಕೆನಡಾಕ್ಕೆ ಹೋಗಿ ಸುರಕ್ಷಿತವಾಗಿ ಮರಳಿತು. ಸರ್ಕಾರವೇ ಕಟ್ಟಿಸಿದ ಜೋಡಿ ನೌಕೆ ಆರ್101 ಅದೇ ವರ್ಷದ ಅಕ್ಟೋಬರಿನಲ್ಲಿ ಆಗಿನ ಭಾರತದ ಕರಾಚಿಗೆ ಹೊರಟು ಫ್ರಾನ್ಸಿನಲ್ಲಿ ಬಿದ್ದು 48 ಜನ ಸತ್ತರು. ಷೂಟ್ ಮುಂದೆ ವಿಮಾನ ಕಂಪನಿ ಕಟ್ಟಿ, ಕೊನೆಗೆ ಆಸ್ಟ್ರೇಲಿಯಾದಲ್ಲಿ ನೆಲೆಸಿ ಕಾದಂಬರಿಕಾರನೆಂದೇ ಹೆಸರಾದ.

ಕ್ರಿಕೆಟ್ ಮೈದಾನದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತೆವು. ಮ್ಯಾಂಚೆಸ್ಟರಿನ ಬಡತನದಿಂದ ಬಂದ ನೆವಿಲ್ ಕಾರ್ಡಸ್ 1912ರಲ್ಲಿ ಇಲ್ಲಿ ಸಹಾಯಕ ಕೋಚ್ ಆಗಿ ಸೇರಿ, ಮುಖ್ಯೋಪಾಧ್ಯಾಯರ ಕಾರ್ಯದರ್ಶಿಯೂ ಆಗಿ, ಆಮೇಲೆ ಕ್ರಿಕೆಟ್ ಬರವಣಿಗೆಯನ್ನೇ ಬದಲಿಸಿದರು. ಇಂಗ್ಲೆಂಡ್ ತಂಡಕ್ಕೆ ಆಡಿದ ಜೇಮ್ಸ್ ಟೇಲರ್ ಇಲ್ಲಿಯ ವಿದ್ಯಾರ್ಥಿ; ಹೃದಯದ ಕಾಯಿಲೆಯಿಂದಾಗಿ 2016ರಲ್ಲಿ, ಇಪ್ಪತ್ತಾರಕ್ಕೇ, ಆಟ ನಿಲ್ಲಿಸಬೇಕಾಯಿತು. ಶಾಲೆಯ ಪತ್ರಿಕೆಯಲ್ಲಿ ಜೊತೆಗೂಡಿದ ಇಂಗ್ರಾಮ್ಸ್, ರಷ್ಟನ್, ಬುಕರ್, ಫುಟ್ ಎಂಬ ನಾಲ್ವರು ಮುಂದೆ 1961ರಲ್ಲಿ ಹುಟ್ಟಿದ "ಪ್ರೈವೇಟ್ ಐ" ಎಂಬ ವಿಡಂಬನೆಯ ಪತ್ರಿಕೆಯಲ್ಲಿಯೂ ಒಟ್ಟಾದರು. ನಟ, ಪ್ರವಾಸಿ ಮೈಕಲ್ ಪೇಲಿನ್, ಖಗೋಳ ವಿಜ್ಞಾನಿ ಮಾರ್ಟಿನ್ ರೀಸ್ ಕೂಡ ಈ ಅಂಗಳದವರೇ. ಎಲ್ಲರೂ ಹೆಮ್ಮೆಯವರಲ್ಲ. 1685ರಲ್ಲಿ ಬಂಡುಕೋರರನ್ನು ಸಾಲುಸಾಲಾಗಿ ನೇಣಿಗೆ ಕಳಿಸಿದ ನ್ಯಾಯಾಧೀಶ ಜೆಫ್ರೀಸ್ ಸಹ ಬಾಲ್ಯದಲ್ಲಿ ಇಲ್ಲಿ ಓದಿದವನು.

"ಇಷ್ಟು ಹೊತ್ತಿಂದ ಬರೀ ಹುಡುಗರ ಹೆಸರೇ ಕೇಳ್ತಿದೀನಿ," ಅಂದಳು ಮಗಳು. ಅವಳ ಮಾತಿನಲ್ಲಿ ಬೇಸರವಿತ್ತು, ಇರಬೇಕಾದ್ದೇ. 2008ರಲ್ಲಿ ಮೇಲಿನ ತರಗತಿಗಳಿಗೆ ಮೊದಲ ಬಾರಿ ಹುಡುಗಿಯರನ್ನು ಸೇರಿಸಿಕೊಂಡರು, ಈಗ ಎಲ್ಲ ತರಗತಿಗಳಲ್ಲೂ ಇದ್ದಾರೆ. ಅದಕ್ಕೂ ಬಹಳ ಹಿಂದಿನದೊಂದನ್ನು ಅವಳಿಗೆ ಹೇಳಿದೆ. ಬಟ್ಲರರ ನಂತರ ಮೂವತ್ತು ವರ್ಷ ಮುಖ್ಯೋಪಾಧ್ಯಾಯರಾಗಿದ್ದ ಬೆಂಜಮಿನ್ ಕೆನಡಿಯವರ ಹೆಸರಿನಲ್ಲಿ 1888ರಲ್ಲಿ ಹೊರಬಂದ ಲ್ಯಾಟಿನ್ ವ್ಯಾಕರಣವನ್ನು ಇಂಗ್ಲೆಂಡಿನ ಹುಡುಗರು ತಲೆಮಾರುಗಟ್ಟಲೆ ಓದಿದರು. ಅದರ ಬಹುಪಾಲು ಬರೆದವರು ಅವರ ಹೆಣ್ಣುಮಕ್ಕಳಾದ ಮೇರಿಯನ್ ಮತ್ತು ಜೂಲಿಯಾ. ತಂದೆ ನಡೆಸಿದ ಶಾಲೆಯಲ್ಲಿ ಅವರಿಗೆ ಜಾಗವಿರಲಿಲ್ಲ. ಮೇರಿಯನ್ ಮುಂದೆ ಕೇಂಬ್ರಿಜ್‌ನಲ್ಲಿ ಹೆಣ್ಣುಮಕ್ಕಳ ನ್ಯೂನ್‌ಹ್ಯಾಮ್ ಕಾಲೇಜಿಗಾಗಿ ವರ್ಷಗಟ್ಟಲೆ ದುಡಿದಳು. ಮಗಳು ಆ ಎರಡು ಹೆಸರನ್ನು ಫೋನಿನಲ್ಲಿ ಬರೆದುಕೊಂಡಳು. ಕೇಂಬ್ರಿಜ್‌ಗೆ ಹೋದಾಗ ಆ ಕಾಲೇಜನ್ನು ನೋಡಬೇಕೆಂದು ಅಲ್ಲೇ ಮಾತಾಯಿತು.