ವಿಯೆನ್ನಾ: ವಿಗ್ ಧರಿಸಿದವರ ಬಳಿ ಟಿಕೆಟ್ ಕೊಳ್ಳುವ ಮೊದಲು

ವಿಯೆನ್ನಾದ ಸೇಂಟ್ ಸ್ಟೀಫನ್ ಕೆಥೆಡ್ರಲ್ ಮುಂದಿನ ಚೌಕದಲ್ಲಿಯೂ ಒಪೆರಾ ಭವನದ ಆಸುಪಾಸಿನಲ್ಲಿಯೂ ಕೆಂಪು ನಿಲುವಂಗಿ ತೊಟ್ಟು, ಬಿಳಿ ವಿಗ್ ಹಾಕಿಕೊಂಡು ಮೊಜಾರ್ಟನ ವೇಷದಲ್ಲಿ ನಿಂತಿರುವ ಯುವಕರು ಸಂಗೀತಗಾರರಲ್ಲ. ಅವರು ಪ್ರವಾಸಿಗರಿಗೆಂದೇ ನಡೆಯುವ ಸಂಗೀತ ಕಚೇರಿಗಳ ಟಿಕೆಟ್ ಮಾರುವವರು. ನಮ್ಮನ್ನು ಕಂಡೊಡನೆ ಒಬ್ಬಾತ ಕೈಮುಗಿದು ‘ನಮಸ್ತೆ’ ಎಂದು ಹತ್ತಿರ ಬಂದ, ಆಸನಗಳ ನಕ್ಷೆಯೊಂದನ್ನು ಬಿಡಿಸಿ ತೋರಿಸಿದ, ಇನ್ನು ಕೆಲವೇ ಸೀಟುಗಳು ಉಳಿದಿವೆಯೆಂದೂ ನಮಗಾಗಿ ರಿಯಾಯಿತಿ ಕೊಡುವುದಾಗಿಯೂ ಹೇಳಿದ. ಸಂಜೆ ಹೋಗಿ ನೋಡಿದರೆ ಸಭಾಂಗಣ ಅರ್ಧ ಖಾಲಿ, ನಮಗೆ ಸಿಕ್ಕ ಕುರ್ಚಿಗಳು ಕಂಬದ ಹಿಂದೆ, ವೇದಿಕೆಯ ಮೇಲೆ ಬೆರಳೆಣಿಕೆಯಷ್ಟು ವಾದಕರು. ನಕ್ಷೆಯಲ್ಲಿ ಆ ಕಂಬ ಇರಲಿಲ್ಲ. ನುಡಿಸಿದ್ದು ಎಲ್ಲರೂ ಎಲ್ಲಿಯಾದರೂ ಕೇಳಿರುವಂಥ ತುಣುಕುಗಳನ್ನು. ಯಾವ ಕೃತಿಯೂ ಪೂರ್ತಿಯಾಗಲಿಲ್ಲ, ಕೊನೆಯಲ್ಲಿ ಪ್ರೇಕ್ಷಕರಿಂದ ತಾಳಕ್ಕೆ ಸರಿಯಾಗಿ ಚಪ್ಪಾಳೆ ಹೊಡೆಸಿದರು. ಇಂಥ ಕಚೇರಿಗಳೆಲ್ಲವೂ ಇಷ್ಟೇ ಕಳಪೆಯೆಂದು ಹೇಳಲಾರೆ. ಆದರೆ ಅದೇ ದುಡ್ಡಿನಲ್ಲಿ ಈ ಊರಿನಲ್ಲಿ ಏನೆಲ್ಲ ಕೇಳಬಹುದೆಂದು ಮರುದಿನ ತಿಳಿದಾಗ ಸಿಟ್ಟು ಇಮ್ಮಡಿಯಾಯಿತು.

ವಿಯೆನ್ನಾದ ಸರ್ಕಾರಿ ಒಪೆರಾ ಭವನದಲ್ಲಿ ನಿಂತು ನೋಡುವವರಿಗಾಗಿ 400ಕ್ಕೂ ಹೆಚ್ಚು ಸ್ಥಳಗಳಿವೆ. ಅವುಗಳ ಬೆಲೆ 20 ಯೂರೊಗಿಂತ ಕಡಿಮೆ. ವಿಗ್ ಧರಿಸಿದವನು ನಮ್ಮಿಂದ ತಲಾ ವಸೂಲಿ ಮಾಡಿದ್ದು ಅದರ ಮೂರರಷ್ಟು. ಟಿಕೆಟ್ ಕೊಡುವ ಕ್ರಮ ಈಚೆಗೆ ಬದಲಾಗಿರುವುದರಿಂದ ಭವನದ ಅಧಿಕೃತ ಜಾಲತಾಣವನ್ನೇ ನೋಡಿಕೊಂಡು ಹೋಗಿರಿ. ನೆಲಮಹಡಿಯ ಸ್ಥಳ ಸಿಕ್ಕರೆ ಬಿಡಬೇಡಿ. ಮಧ್ಯದ ರಾಜ ಬಾಕ್ಸಿನ (ರಾಜಮನೆತನದವರಿಗೆಂದು ಮಾಡಿದ ಪ್ರತ್ಯೇಕ ಆಸನಕೋಣೆ) ಕೆಳಗೇ ಇರುವ ಅಲ್ಲಿಂದ ವೇದಿಕೆ ನೇರವಾಗಿ ಕಾಣುತ್ತದೆ. ಪಕ್ಕದ ಬಾಕ್ಸುಗಳಲ್ಲಿ ಎಷ್ಟೋ ಪಟ್ಟು ಹೆಚ್ಚು ತೆತ್ತು ಹಿಂದಿನ ಸಾಲಿನಲ್ಲಿ ಕುಳಿತವರಿಗೂ ಅಂಥ ನೋಟ ಸಿಗುವುದಿಲ್ಲ. ಒಳಗೆ ಹೋದವರು ತಮ್ಮ ಜಾಗದ ಕಂಬಿಗೆ ಒಂದು ಸ್ಕಾರ್ಫ್ ಕಟ್ಟಿ ಹೊರಗೆ ಹೋಗಿ ಬರುತ್ತಾರೆ. ನಮ್ಮೂರಿನ ಬಸ್ಸಿನಲ್ಲಿ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವಂಥದ್ದೇ ಪದ್ಧತಿ ಇದು, ವ್ಯತ್ಯಾಸವೆಂದರೆ ಇಲ್ಲಿ ಯಾರೂ ಆ ಬಟ್ಟೆಯನ್ನು ಕಿತ್ತುಹಾಕುವುದಿಲ್ಲ. ಎದುರಿನ ಪುಟ್ಟ ಪರದೆಯಲ್ಲಿ ಹಾಡಿನ ಮಾತುಗಳು ಇಂಗ್ಲಿಷಿನಲ್ಲಿಯೂ ಬರುವುದರಿಂದ ಕಥೆ ತಪ್ಪಿಹೋಗುವ ಭಯವಿಲ್ಲ. ಮೂರು ಗಂಟೆಗೂ ಮೀರಿ ನಿಲ್ಲಬೇಕಾಗುತ್ತದೆ, ಮೊಣಕಾಲಿನ ತೊಂದರೆಯಿರುವ ಹಿರಿಯರನ್ನು ಕರೆದೊಯ್ಯಬೇಡಿ. ರಾತ್ರಿಯಿಡೀ ಬಯಲಾಟ ನಿಂತು ನೋಡಿದ ಅಭ್ಯಾಸವಿರುವ ನನಗೆ ಅದೊಂದು ಕಷ್ಟವೆನಿಸಲಿಲ್ಲ. 1869ರಲ್ಲಿ ತೆರೆದ ಈ ಭವನ 1945ರ ಮಾರ್ಚಿನಲ್ಲಿ ಬಾಂಬು ಬಿದ್ದು ಸುಟ್ಟುಹೋಗಿ, 1955ರಲ್ಲಿ ಮತ್ತೆ ಬಾಗಿಲು ತೆರೆಯಿತು. ಬೆಂಕಿಯಿಂದ ಉಳಿದ ಮುಂಭಾಗದ ಹಳೆಯ ಮೆಟ್ಟಿಲುಗಳ ವೈಭವಕ್ಕೂ ಒಳಗಿನ ಪ್ರೇಕ್ಷಾಗೃಹದ ಸರಳತೆಗೂ ಹೊಂದಾಣಿಕೆಯಿಲ್ಲವೆನಿಸಿದರೆ ಕಾರಣ ಅದು.

ಒಂದು ಕಾಸೂ ಕೊಡದೆ ಕೇಳಬೇಕೆಂದಿದ್ದರೆ ಭಾನುವಾರ ಬೆಳಿಗ್ಗೆ 11ಕ್ಕೆ ಅಗಸ್ಟೀನಿಯನ್ ಚರ್ಚಿಗೆ ಹೋಗಿರಿ. ಅಲ್ಲಿನ ಪೂಜೆಯಲ್ಲಿ ಹೈಡನ್, ಮೊಜಾರ್ಟ್, ಶೂಬರ್ಟ್ ಮೊದಲಾದವರು ಪೂಜೆಗೆಂದೇ ರಚಿಸಿದ ಸಂಗೀತವನ್ನು ವಾದ್ಯವೃಂದ ಮತ್ತು ಗಾಯಕವೃಂದದೊಡನೆ ಪೂರ್ತಿಯಾಗಿ ಹಾಡುತ್ತಾರೆ. ಹಾಡುವವರು ಹಿಂಬದಿಯ ಮಾಳಿಗೆಯಲ್ಲಿರುವುದರಿಂದ ಮುಖ ಕಾಣುವುದಿಲ್ಲ. ಅದು ಪೂಜೆಯೇ ಹೊರತು ಕಚೇರಿಯಲ್ಲ. ನಡುವೆ ಎದ್ದು ಓಡಾಡುವುದು, ಫೋಟೊ ತೆಗೆಯುವುದು ಸಲ್ಲದು. ಅರ್ಧ ಗಂಟೆ ಮೊದಲೇ ಹೋದರೆ ಬೆಂಚು ಸಿಗುತ್ತದೆ, ಕಾಣಿಕೆ ಸಂಗ್ರಹಿಸಲು ಬಂದಾಗ ಹಾಕಲು ಚಿಲ್ಲರೆ ಇಟ್ಟುಕೊಂಡಿರಿ. ಆಸ್ಟ್ರಿಯಾವನ್ನು ಆಳಿದ ಹಾಪ್ಸ್‌ಬರ್ಗ್ ಮನೆತನದ 50ಕ್ಕೂ ಹೆಚ್ಚು ಮಂದಿಯ ಹೃದಯಗಳನ್ನು ಬೆಳ್ಳಿಯ ಪಾತ್ರೆಗಳಲ್ಲಿಟ್ಟಿರುವುದೂ ಇದೇ ಚರ್ಚಿನಲ್ಲಿ.

ಬರೋಕ್ ಶೈಲಿಯ, ಎಂದರೆ 17-18ನೇ ಶತಮಾನದ ಅಲಂಕಾರಭರಿತ ಕಟ್ಟಡಗಳ ವಿಷಯದಲ್ಲಿ ನನ್ನ ಆಯ್ಕೆ ಜನಜಂಗುಳಿಯನ್ನು ನೋಡಿಕೊಂಡು ಮಾಡಿದ್ದು. ಶೋನ್‌ಬ್ರುನ್ ಅರಮನೆಯ ಮುಂದೆ ಟೂರ್ ಬಸ್ಸುಗಳಿಂದ ಇಳಿಯುತ್ತಿದ್ದ ಗುಂಪುಗಳನ್ನು ಕಂಡು ಒಳಗೆ ಹೋಗುವ ಆಸೆಯನ್ನೇ ಬಿಟ್ಟು, ಟಿಕೆಟ್ ಬೇಕಿಲ್ಲದ ಉದ್ಯಾನದಲ್ಲಿ ಅಡ್ಡಾಡಿ ಬಂದೆ. 1713ರ ಪ್ಲೇಗಿನ ಕಾಲದ ಹರಕೆಯಿಂದ ಎದ್ದ ಕಾರ್ಲ್ಸ್‌ಕಿರ್ಕೆ ಎಂಬ ಚರ್ಚನ್ನು ಹೊರಗಿನ ಕೊಳದ ದಂಡೆಯಿಂದ ನೋಡಿದರೂ ಸಾಕು. ಖಂಡಿತ ತಪ್ಪಿಸಬಾರದ್ದು ಹಳೆಯ ವಿಶ್ವವಿದ್ಯಾಲಯದ ಪಕ್ಕದ ಜೆಸುಯಿಟ್ ಚರ್ಚ್. ಬಾಗಿಲಿನಿಂದ ಒಳಗೆ ಬಂದು ನಡುವೆ ನೆಲದಲ್ಲಿ ಗುರುತು ಮಾಡಿರುವ ಕಲ್ಲಿನ ಮೇಲೆ ನಿಂತು ತಲೆಯೆತ್ತಿದರೆ ಎತ್ತರದ ಗುಮ್ಮಟ, ಅದರ ಕಂಬಗಳು, ಕಿಟಕಿಯಿಂದ ಬೀಳುವ ಬೆಳಕು ಎಲ್ಲವೂ ಕಾಣುತ್ತವೆ. ಅಲ್ಲಿಂದ ಪೂಜಾವೇದಿಕೆಯ ಕಡೆಗೆ ನಡೆಯುತ್ತಾ ಹೋದಂತೆ ಗುಮ್ಮಟ ಒಂದು ಪಕ್ಕಕ್ಕೆ ವಾಲಿ ಸೊಟ್ಟಗಾಗುತ್ತದೆ. ಏಕೆಂದರೆ ಅಲ್ಲಿ ಗುಮ್ಮಟವೇ ಇಲ್ಲ, 1700ರ ದಶಕದ ಆರಂಭದಲ್ಲಿ ಆಂಡ್ರಿಯಾ ಪೊಝೊ ಛಾವಣಿಗೆ ಬರೆದ ಚಿತ್ರವಷ್ಟೇ ಇದೆ. ನಾವು ಹೋದಾಗ ಒಳಗಿದ್ದವರು ನಾವು ಮತ್ತು ಪ್ರಾರ್ಥನೆಗೆ ಬಂದ ಒಬ್ಬ ವೃದ್ಧೆ ಮಾತ್ರ.

ಊಟದ ಬಗ್ಗೆ ಸಸ್ಯಾಹಾರಿಗಳು ಚಿಂತಿಸಬೇಕಾದ್ದಿಲ್ಲ. ಶೊಟೆನ್‌ಟೋರ್ ಮೆಟ್ರೊ ನಿಲ್ದಾಣದ ಬಳಿಯ ಲೀಖ್ಟೆನ್‌ಸ್ಟೈನ್ ಬೀದಿಯಲ್ಲಿ ‘ವೀನರ್ ದೀವಾನ್’ ಎಂಬ ಪಾಕಿಸ್ತಾನಿ ಅಡುಗೆಯ ಹೋಟೆಲಿದೆ. 2005ರಿಂದ ನಡೆದುಬಂದಿರುವ ಇಲ್ಲಿನ ನಿಯಮ ವಿಚಿತ್ರವಾದದ್ದು: ಬಡಿಸಿಕೊಂಡು ಬೇಕಾದಷ್ಟು ತಿನ್ನಬಹುದು, ಕೊನೆಯಲ್ಲಿ ನಿಮಗೆ ತೋಚಿದಷ್ಟು ಹಣ ಕೊಡಬಹುದು; ಪಾನೀಯಗಳಿಗೆ ಮಾತ್ರ ನಿಗದಿತ ಬೆಲೆ. ದೊಡ್ಡ ಪಾತ್ರೆಗಳಲ್ಲಿ ಮಾಂಸದ ಅಡುಗೆಯ ಪಕ್ಕದಲ್ಲಿಯೇ ಬೇಳೆಯ ಸಾರು, ತರಕಾರಿಯ ಗೊಜ್ಜು, ಅನ್ನ ಇದ್ದವು, ಯಾವುದರಲ್ಲಿ ಮಾಂಸವಿಲ್ಲವೆಂದು ಕೇಳಿದರೆ ತಾಳ್ಮೆಯಿಂದ ತೋರಿಸಿದರು. ಬೇಳೆಗೆ ಹಾಕಿದ್ದ ಜೀರಿಗೆ ಬೆಳ್ಳುಳ್ಳಿಯ ಒಗ್ಗರಣೆಯ ವಾಸನೆ ಬೀದಿಗೇ ಬರುತ್ತಿತ್ತು. ಸುತ್ತ ಕುಳಿತವರಲ್ಲಿ ಹೆಚ್ಚಿನವರು ಹತ್ತಿರದ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು. ಎರಡನೆಯ ಸಲ, ಮೂರನೆಯ ಸಲ ಬಡಿಸಿಕೊಂಡರೂ ಯಾರೂ ಕಣ್ಣು ಕೆಂಪಗೆ ಮಾಡುತ್ತಿರಲಿಲ್ಲ. ದಯವಿಟ್ಟು ಈ ಸೌಜನ್ಯವನ್ನು ದುರುಪಯೋಗ ಮಾಡಿಕೊಳ್ಳಬೇಡಿ, ಬೇರೆ ಕಡೆ ಒಂದು ಊಟಕ್ಕೆ ತೆರುವಷ್ಟನ್ನಾದರೂ ಕೊಟ್ಟು ಬನ್ನಿ. ಭಾನುವಾರ ರಜೆ.

ಭಾನುವಾರ ಊರಿನ ಅಂಗಡಿಗಳೂ ಬಹುತೇಕ ಮುಚ್ಚಿರುವುದರಿಂದ ಹಾಲು, ಬ್ರೆಡ್ಡು, ಹಣ್ಣನ್ನು ಶನಿವಾರವೇ ತಂದಿಟ್ಟುಕೊಳ್ಳಿ. ನೀರಿನ ಬಾಟಲಿಗೆ ದುಡ್ಡು ಸುರಿಯಬೇಡಿ, ನಲ್ಲಿಯಲ್ಲಿ ಬರುವುದು ಆಲ್ಪ್ಸ್ ಬೆಟ್ಟಗಳ ಬುಗ್ಗೆಯ ನೀರು. ಮೆಟ್ರೊ ನಿಲ್ದಾಣದಲ್ಲಿ ತಡೆಗೇಟುಗಳಿಲ್ಲವೆಂದು ಹಾಗೆಯೇ ಹತ್ತಿಬಿಡಬೇಡಿ. ಕಾಗದದ ಟಿಕೆಟ್ಟಿಗೆ ಮೊಹರು ಹಾಕಿಸುವ ಪೆಟ್ಟಿಗೆ ಬಾಗಿಲಲ್ಲೇ ಇರುತ್ತದೆ, ಮೊಹರಿಲ್ಲದೆ ಸಿಕ್ಕಿಬಿದ್ದರೆ ದಂಡ 100 ಯೂರೊಗಿಂತ ಹೆಚ್ಚು.

ಜುಲೈ, ಆಗಸ್ಟಿನಲ್ಲಿ ಒಪೆರಾ ಭವನಕ್ಕೆ ರಜೆ. ಶಾಲಾ ರಜೆಯ ಕಾರಣಕ್ಕೆ ಆ ತಿಂಗಳುಗಳಲ್ಲೇ ಹೋಗಬೇಕಾದವರಿಗೆ ನಗರಸಭೆಯ ಕಟ್ಟಡದ ಮುಂದೆ ದೊಡ್ಡ ಪರದೆಯ ಮೇಲೆ ಒಪೆರಾ ಹಾಗೂ ಸಂಗೀತ ಕಚೇರಿಗಳ ಉಚಿತ ಪ್ರದರ್ಶನವಿರುತ್ತದೆ. ಪರದೆಯ ಸಂಗೀತವೂ ತಿಂಡಿ ಅಂಗಡಿಗಳ ಗಲಾಟೆಯೂ ನನಗೆ ಒಗ್ಗುವುದಿಲ್ಲ, ಒಗ್ಗುವವರು ಕತ್ತಲಾಗುವ ಮೊದಲೇ ಹೋಗಿ ಕುರ್ಚಿ ಹಿಡಿಯುವುದು ಒಳಿತು.