80 ಜಾಕಿ, ಮೂರು ಮೋಲ್ಡ್: ದಿನ 63

ನಿನ್ನೆ ಬೆಳಿಗ್ಗೆ ಆರೂವರೆಗೆ ವರ್ಕ್‌ಶಾಪಿನ ಛಾವಣಿ ಕೆಳಗಿಂದ ಮೊದಲ ಜಾಕಿ, ಅಂದರೆ ಹಸಿ ಕಾಂಕ್ರೀಟಿಗೆ ಆಸರೆ ಕೊಡುವ ಕಂಬ, ಬಿಚ್ಚಿದೆವು. ಸಂಜೆಯ ಹೊತ್ತಿಗೆ 54 ಹೊರಗೆ ಬಂದವು. 16 ಸಂಪಿನೊಳಗೆ ಇಳಿದವು, 30 ಸ್ಟೋರ್ ರೂಮಿಗೆ ಹೋದವು. ತೊಲೆ ಕೆಳಗಿನ 24 ಮಾತ್ರ ನಿಂತಲ್ಲೇ ನಿಂತಿವೆ. ದಿನ 70ರವರೆಗೆ ಅವನ್ನು ಯಾರೂ ಮುಟ್ಟುವ ಹಾಗಿಲ್ಲ.

ಹತ್ತು ದಿನದ ಹಿಂದೆ ಈ ಸಂಪಿನ ಕೆಲಸ ಮಾವಿನ ಸುಗ್ಗಿ ಮುಗಿಯುವವರೆಗೂ ಆಗಲ್ಲ ಎಂದೇ ನಂಬಿದ್ದೆ. ಆ ಹತ್ತು ದಿನದ ಕಥೆ ಇದು. ಪಾಯ, ಸೈಜುಗಲ್ಲು, ಪ್ಲಿಂತ್, ಗೋಡೆ, ಲಿಂಟಲ್ ಎಲ್ಲಾ ನೀವೂ ಮಾಡಿಸಿದವರೇ. ಅವೆಲ್ಲ ಒಂದೆರಡು ದಿನ ಆಚೀಚೆ ಪ್ಲಾನಿನ ಪ್ರಕಾರವೇ ಆದವು. ಅದನ್ನು ಬಿಡುತ್ತೇನೆ.

ಹೊಸಬರಿಗೆ ಮಾತ್ರ ಎರಡು ಮಾತು. ಶ್ರೀನಿವಾಸಪುರದ ಹತ್ತಿರ ನಮ್ಮ ಮಾವಿನ ತೋಟದಲ್ಲಿ ಮರಗೆಲಸಕ್ಕೆ ಒಂದು ವರ್ಕ್‌ಶಾಪ್ ಕಟ್ಟಿಸುತ್ತಿದ್ದೇನೆ. 6 ಮೀಟರ್ ಉದ್ದ, 5 ಮೀಟರ್ ಅಗಲ, ನಡುವೆ ಅಡ್ಡಲಾಗಿ 5 ಮೀಟರಿನ ಒಂದು ತೊಲೆ. ಪಕ್ಕದಲ್ಲಿ ಸ್ಟೋರ್ ರೂಮು, ಹಿಂದೆ ಸಂಪು. ಅಂದರೆ ಮೂರು ಮೋಲ್ಡ್ (ಕಾಂಕ್ರೀಟ್ ಛಾವಣಿ ಹಾಕುವುದು). ವೇಳಾಪಟ್ಟಿ ನಾನೇ ಲಿಬ್ರೆಆಫೀಸ್ ಶೀಟಿನಲ್ಲಿ ಹಾಕಿದ್ದು. 46 ಕೆಲಸ, ಯಾವುದರ ನಂತರ ಯಾವುದು ಎಂಬ ಕಾಲಂ, ಪ್ರತಿ ಕೆಲಸ ಬೇಗ ಅಂದರೆ ಯಾವಾಗ ಎಂದು ಮುಂದಕ್ಕೆ ಒಂದು ಲೆಕ್ಕ, ತಡ ಅಂದರೆ ಯಾವಾಗ ಎಂದು ಹಿಂದಕ್ಕೆ ಒಂದು ಲೆಕ್ಕ. ಕೊನೆಯ ದಿನವನ್ನು ನಿಗದಿ ಮಾಡಿದ್ದು ಅಮ್ಮ. ಆಷಾಢ ಹುಟ್ಟುವ ಮೊದಲೇ ಪೂಜೆ ಆಗಬೇಕು. ಆ ದಿನ ಕದಲುವುದಿಲ್ಲ.

ದಿನ 40ಕ್ಕೆ ಸಂಪಿನ ಗೋಡೆ ಮುಗಿಯಿತು. ಮೇಸ್ತ್ರಿ ಕೇಳಿದರು, "ಸಾರ್, ಈಗ ಸಂಪು ಮುಚ್ಚೋಣವಾ, ದೊಡ್ಡದು ಹಿಡಿಯೋಣವಾ?" ಶೀಟು ನೋಡಿದೆ. ಸಂಪಿನ ಮೋಲ್ಡ್ ಕೆಲಸ ಶುರುವಾಗುವುದು ಬೇಗ ಅಂದರೆ ದಿನ 41, ತಡ ಅಂದರೆ ದಿನ 64. ಫ್ಲೋಟ್, ಅಂದರೆ ಕೊನೆಯ ದಿನ ಕದಲದಂತೆ ತಡ ಮಾಡಬಹುದಾದ ಅವಧಿ, 23 ದಿನ. ಸ್ಟೋರ್ ರೂಮಿಗೆ ಫ್ಲೋಟ್ 9. ವರ್ಕ್‌ಶಾಪಿಗೆ ಸೊನ್ನೆ. ಕ್ರಿಟಿಕಲ್ ಪಾತ್ ಮೇಲೆ, ಅಂದರೆ ಒಂದು ದಿನವೂ ತಡವಾಗಬಾರದ ಕೆಲಸಗಳ ಸಾಲಿನಲ್ಲಿ, ಇರುವುದಕ್ಕೆ ಮೊದಲ ಮರ್ಯಾದೆ ಅಲ್ವಾ? ವರ್ಕ್‌ಶಾಪ್ ಹಿಡಿಯಿರಿ ಎಂದೆ. ಇದನ್ನು ಓದುತ್ತಿರುವ ಹತ್ತರಲ್ಲಿ ಒಂಬತ್ತು ಜನ ಅದನ್ನೇ ಹೇಳುತ್ತಿದ್ದಿರಿ.

ಇಲ್ಲಿ ಬಾಡಿಗೆಗೆ ಸೆಂಟ್ರಿಂಗ್ (ಹಸಿ ಕಾಂಕ್ರೀಟನ್ನು ಹಿಡಿದು ನಿಲ್ಲಿಸುವ ಹಲಗೆ, ಜಾಕಿ) ಕೊಡುವವರ ಬಗ್ಗೆ ಸ್ವಲ್ಪ ಸಿಟ್ಟು ತೀರಿಸಿಕೊಳ್ಳುತ್ತೇನೆ. ನಾನು ಹೇಳಿದ್ದು 110 ಜಾಕಿ. ಎಷ್ಟು ದಿನದಲ್ಲಿ ಬರುತ್ತವೆ ಎಂದು ಪರ್ಟ್ ಎಂಬ ಅಂದಾಜಿನ ಲೆಕ್ಕ ಹಾಕಿದ್ದೆ. ಎಲ್ಲಾ ಸರಿಯಾದರೆ 2 ದಿನ, ಸಾಮಾನ್ಯವಾಗಿ 4, ಕೆಟ್ಟರೆ 12. ನಡುವಿನದಕ್ಕೆ ನಾಲ್ಕು ಪಟ್ಟು ತೂಕ ಕೊಟ್ಟು, ಕೂಡಿಸಿ, ಆರರಿಂದ ಭಾಗಿಸಿದರೆ 5. ಪೊಲಾರಿಸ್ ಕ್ಷಿಪಣಿಗಾಗಿ ಅಮೆರಿಕದ ನೌಕಾಪಡೆ 1958ರಲ್ಲಿ ಮಾಡಿಸಿಕೊಂಡ ಸೂತ್ರ. ಕ್ಷಿಪಣಿ ಸರಿಯಾದ ಹೊತ್ತಿಗೆ ಹೋಯಿತು. ನನ್ನ ಜಾಕಿ ನಾಲ್ಕನೇ ದಿನ 24 ಬಂದವು, ಒಂಬತ್ತನೇ ದಿನ 56 ಬಂದವು. ಉಳಿದ 30 "ನಾಳೆ" ಎಂದರು. ಇವತ್ತು ಫೋನ್ ಮಾಡಿದೆ, ಇವತ್ತೂ ನಾಳೆಯೇ. ಮೊದಲು ಬಂದ 24ಕ್ಕೆ ಬಾಡಿಗೆ ಮಾತ್ರ ಬಂದ ದಿನದಿಂದಲೇ ಓಡುತ್ತಿದೆ. 80 ಜಾಕಿ ಬಂದಿವೆ ಎಂದಾಗ ಅಕ್ಕನ ಮಗಳು ಓಡಿ ಬಂದು ಕುದುರೆ ಎಲ್ಲಿ ಎಂದು ಕೇಳಿದಳು. ಆ ದಿನ ನಗು ಬಂದಿದ್ದು ಅದೊಂದಕ್ಕೇ.

ದಿನ 52ಕ್ಕೆ ವರ್ಕ್‌ಶಾಪಿನ ಮೋಲ್ಡ್ ಆಯಿತು. ಒಳ್ಳೆಯ ಮೋಲ್ಡ್. ರಾತ್ರಿ ಎಂಟಕ್ಕೆ ಮುಗಿಸಿ ಎಲ್ಲರೂ ಊಟ ಮಾಡಿದೆವು. ಮಾರನೇ ದಿನ ಸುತ್ತ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವಾಗ ಮೇಸ್ತ್ರಿ ಕೇಳಿದರು, "ಸಂಪಿಗೆ ಜಾಕಿ?" ಗೋಡೆಗೆ ಒರಗಿ ಎರಡು ನಿಂತಿದ್ದವು. ಸಂಪಿಗೆ ಬೇಕಾದ್ದು 16.

ಆ ರಾತ್ರಿ ಶೀಟು ತೆರೆದೆ. ವರ್ಕ್‌ಶಾಪಿನ ಸೆಂಟ್ರಿಂಗ್ ಬಿಚ್ಚುವ ದಿನ 74 ಎಂದು ತೋರಿಸುತ್ತಿತ್ತು. ಸಂಪು 64ರೊಳಗೆ ಶುರು ಆಗಬೇಕು. ಹತ್ತು ದಿನ ತಡ.

ಹತ್ತು ದಿನ ತಾನೇ ಎನ್ನಬೇಡಿ. ನಮ್ಮ ಕಡೆ ಹತ್ತು ದಿನ ಎಂಬುದು ತಿಂಗಳ ಯಾವ ಭಾಗದಲ್ಲಿ ಬರುತ್ತದೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ದಿನ 75ರಿಂದ ಮಾವು ಇಳಿಸುವುದು ಜೋರಾಗುತ್ತದೆ. ಬಾದಾಮಿ, ರಸಪುರಿ, ಆಮೇಲೆ ತೋತಾಪುರಿ. ಗಾರೆ ಕೆಲಸದ ಅರ್ಧ ಆಳು ಮಂಡಿಗೆ, ತೋಟಕ್ಕೆ ಹೋಗುತ್ತಾರೆ. ಅಲ್ಲಿ ಕೂಲಿಯೂ ಜಾಸ್ತಿ, ಅವರನ್ನು ದೂರುವ ಹಾಗಿಲ್ಲ. ಟ್ರ್ಯಾಕ್ಟರ್‌ಗಳೂ ಕ್ರೇಟು ಹೊರಲು ಹೋಗುತ್ತವೆ, ಎಂ-ಸ್ಯಾಂಡ್ ಯಾರೂ ತರುವುದಿಲ್ಲ. 64ಕ್ಕೆ ಶುರುವಾದರೆ ಎರಡು ವಾರದ ಕೆಲಸ. 74ಕ್ಕೆ ಶುರುವಾದರೆ ಎರಡು ತಿಂಗಳು.

ಎಲ್ಲಿ ತಪ್ಪಿತು? ಮೂರು ಮೋಲ್ಡಿಗೂ ಬೇಕಾದ ಜಾಕಿಯನ್ನು ಒಂದು ಕಾಗದದ ಮೇಲೆ ಬರೆದೆ. ವರ್ಕ್‌ಶಾಪ್ 78, ಸ್ಟೋರ್ 30, ಸಂಪು 16. ಒಟ್ಟು 124. ಈ ಸಂಖ್ಯೆಯನ್ನು ಅಲ್ಲಿಯವರೆಗೆ ನಾನು ಒಮ್ಮೆಯೂ ಕೂಡಿಸಿರಲಿಲ್ಲ. ಬಾಡಿಗೆಯವರು 110 ಕೊಟ್ಟಿದ್ದರೂ ಸಂಪು ತಪ್ಪುತ್ತಿತ್ತು. ವರ್ಕ್‌ಶಾಪ್, ಸ್ಟೋರ್ ಎರಡೂ ನಿಂತಮೇಲೆ ಅದರಲ್ಲೂ ಎರಡೇ ಉಳಿಯುತ್ತಿದ್ದವು. ಅಷ್ಟರಮಟ್ಟಿಗೆ ಅವರ ಮೇಲಿನ ಸಿಟ್ಟು ವಾಪಸ್.

ಕ್ರಿಟಿಕಲ್ ಪಾತ್ ಲೆಕ್ಕವನ್ನು 1957ರ ಸುಮಾರಿಗೆ ಮಾಡಿದವರು ಡುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ. ಆ ಮೂಲ ಲೆಕ್ಕ ಪ್ರತಿ ಕೆಲಸಕ್ಕೂ ಎರಡೇ ಪ್ರಶ್ನೆ ಕೇಳುತ್ತದೆ. ಎಷ್ಟು ದಿನ? ಯಾವುದರ ನಂತರ? ಯಾವ ಸಾಮಾನಿನಿಂದ ಎಂದು ಕೇಳುವುದೇ ಇಲ್ಲ. ಯಾವುದರ ನಂತರ ಯಾವುದು ಎಂದು ಬಾಣ ಹಾಕಿದ ನನ್ನ ಜಾಲದಲ್ಲಿ ಸಂಪಿಗೂ ವರ್ಕ್‌ಶಾಪಿಗೂ ನಡುವೆ ಬಾಣವೇ ಇಲ್ಲ. ಇರಬೇಕಾಗಿಯೂ ಇಲ್ಲ, ಒಂದರ ಗೋಡೆ ಇನ್ನೊಂದಕ್ಕೆ ತಾಗುವುದಿಲ್ಲ. ಆದರೆ ಎರಡೂ ಅದೇ 80 ಜಾಕಿಯ ಮೇಲೆ ನಿಲ್ಲಬೇಕು. 23 ದಿನದ ಫ್ಲೋಟ್ ಸಂಪಿನ ಸ್ವಂತದ್ದು ಎಂದುಕೊಂಡಿದ್ದೆ. ವರ್ಕ್‌ಶಾಪ್ ಜಾಕಿ ಹಿಡಿದುಕೊಂಡ ದಿನವೇ ಅದು ಕರಗಿಹೋಗಿತ್ತು. ಶೀಟು ಮಾತ್ರ 23 ಎಂದು ತೋರಿಸುತ್ತಲೇ ಇತ್ತು.

ಸಾಮಾನನ್ನೂ ಸೇರಿಸಿ ಉದ್ದದ ದಾರಿ ಹುಡುಕುವುದಕ್ಕೆ ಗೋಲ್ಡ್‌ರಾಟ್ ಎಂಬ ನಿರ್ವಹಣಾ ಲೇಖಕರು 1997ರಲ್ಲಿ ಕ್ರಿಟಿಕಲ್ ಚೈನ್ ಎಂದು ಹೆಸರಿಟ್ಟರು. ಹೆಸರು ಗೊತ್ತಿತ್ತು. ದೊಡ್ಡ ದೊಡ್ಡ ಯೋಜನೆಗೆ ಇರುವುದು, ತೋಟದ ವರ್ಕ್‌ಶಾಪಿಗೆ ಯಾಕೆ ಎಂದು ಬಿಟ್ಟಿದ್ದೆ. ಈಗ ಅನ್ನಿಸುತ್ತದೆ, ಸಣ್ಣ ಕೆಲಸಕ್ಕೇ ಅದು ಜಾಸ್ತಿ ಬೇಕು. ದೊಡ್ಡವರು ಇನ್ನೊಂದು ಲಾರಿ ಜಾಕಿ ತರಿಸುತ್ತಾರೆ. ನಮಗೆ ಇರುವುದು ಒಂದೇ ಸೆಟ್ಟು.

ಮೊದಲ ರಾತ್ರಿ ಒಂದು ತಪ್ಪು ಸಿಕ್ಕಿತು. ನಮ್ಮ ಇಂಜಿನಿಯರ್ ಸೆಂಟ್ರಿಂಗ್ 18 ದಿನ ಇರಲಿ ಎಂದಿದ್ದರು. ಅದನ್ನೂ ನಾನು ಉಳಿದ ಕೆಲಸಗಳ ಹಾಗೆ ಕೆಲಸದ ದಿನ ಮಾತ್ರ ಎಣಿಸುವ ವರ್ಕ್‌ಡೇ.ಇಂಟ್ಲ್ ಫಂಕ್ಷನ್ನಿನಲ್ಲೇ, ವಾರದ ರಜೆ ಭಾನುವಾರ ಮಾತ್ರ ಎಂದು ಕೊಟ್ಟು ಹಾಕಿದ್ದೆ. ಅದು ಭಾನುವಾರ ಬಿಡುತ್ತದೆ, ನಾನು ರಜೆ ಪಟ್ಟಿಯಲ್ಲಿ ಕೊಟ್ಟ ಅಮಾವಾಸ್ಯೆಯನ್ನೂ ಬಿಡುತ್ತದೆ. 18 ದಿನ 22 ಆಯಿತು. ಮೇಸ್ತ್ರಿ ಅಮಾವಾಸ್ಯೆಗೆ ಬರುವುದಿಲ್ಲ, ನಿಜ. ಕಾಂಕ್ರೀಟು ಅಮಾವಾಸ್ಯೆಗೂ ಗಟ್ಟಿಯಾಗುತ್ತದೆ. ಕಾಯುವ ಕೆಲಸಗಳಿಗೆಲ್ಲ ಬೇರೆ ಕ್ಯಾಲೆಂಡರ್ ಹಾಕಿದೆ. 74 ಹೋಗಿ 70 ಬಂತು. ನಾಲ್ಕು ದಿನ ಸುಮ್ನೆ ಸಿಕ್ಕಿತು. ನಿಮ್ಮ ಶೀಟಿನಲ್ಲಿ ಕ್ಯೂರಿಂಗ್ ಯಾವ ಕ್ಯಾಲೆಂಡರಿನಲ್ಲಿದೆ ಎಂದು ಇವತ್ತೇ ನೋಡಿ.

ಆದರೂ 70. ಇನ್ನೂ ಆರು ದಿನ ತಡ. ಎರಡು ರಾತ್ರಿ ಅಲ್ಲೇ ಸಿಕ್ಕಿಕೊಂಡೆ. ಮುಳಬಾಗಿಲು, ಚಿಂತಾಮಣಿ ಕಡೆ ಜಾಕಿ ವಿಚಾರಿಸಿದೆ. ಇದ್ದವರಿಗೆ 16ಕ್ಕೆ ಗಾಡಿ ಕಳಿಸಲು ಮನಸ್ಸಿಲ್ಲ. ಸರ್ವೆ ಕಂಬ ಕೇಳಿದೆ. ಸಿಕ್ಕಿದ್ದು ಟೊಮೇಟೊಗೆ ಆಸರೆ ನಿಲ್ಲಿಸುವ ಸಣ್ಣ ಕೋಲು. ಕೋಲಾರ ಜಿಲ್ಲೆಯಲ್ಲಿ ಅದಕ್ಕೆ ಬರವಿಲ್ಲ, ಆದರೆ ಅದರ ಮೇಲೆ ಮೋಲ್ಡ್ ನಿಲ್ಲುವುದಿಲ್ಲ.

ಮೂರನೇ ರಾತ್ರಿ ಬಾಡಿಗೆ ಲೆಕ್ಕ ಹಾಕಲು ಚಲನ್ ತೆಗೆದೆ. ಎರಡು ಚಲನ್. ಒಂದರಲ್ಲಿ 24, ಇನ್ನೊಂದರಲ್ಲಿ 56. ಮೊದಲು ಬಂದ 24 ಎಲ್ಲಿಗೆ ಹೋದವು ಎಂದು ನೆನಪು ಮಾಡಿಕೊಂಡೆ. ತೊಲೆಗೆ. ಬೇರೆ ಜಾಕಿ ಇಲ್ಲದ್ದರಿಂದ ಮೇಸ್ತ್ರಿ ಮೊದಲು ತೊಲೆಯ ತಳವನ್ನೇ ಮುಗಿಸಿದ್ದರು. ಐದು ದಿನ ಆದಮೇಲೆ ಬಂದವುಗಳಲ್ಲಿ 54 ಸ್ಲ್ಯಾಬಿಗೆ. ಅಂದರೆ ತೊಲೆಯ ಜಾಕಿ ಬೇರೆ, ಸ್ಲ್ಯಾಬಿನ ಜಾಕಿ ಬೇರೆ. ನನ್ನ ಶೀಟಿನಲ್ಲಿ ಮಾತ್ರ "ವರ್ಕ್‌ಶಾಪ್ ಸೆಂಟ್ರಿಂಗ್, 78, 18 ದಿನ" ಎಂದು ಒಂದೇ ಸಾಲು.

ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456:2000ರ ಪಟ್ಟಿ ನಿಮಗೆ ನೆನಪಿರುತ್ತದೆ. ಸ್ಲ್ಯಾಬಿನ ಹರವು (ಆಧಾರದಿಂದ ಆಧಾರಕ್ಕೆ ಇರುವ ಅಂತರ) 4.5 ಮೀಟರ್ ಒಳಗಿದ್ದರೆ ಜಾಕಿ 7 ದಿನ, ಅದಕ್ಕಿಂತ ದೊಡ್ಡದಾದರೆ 14. ತೊಲೆ 6 ಮೀಟರ್ ಒಳಗಿದ್ದರೆ 14, ಮೀರಿದರೆ 21. ನನ್ನ ಸ್ಲ್ಯಾಬು ತೊಲೆಯ ಎರಡೂ ಕಡೆ 3 ಮೀಟರ್ ಮಾತ್ರ. ತೊಲೆ 5 ಮೀಟರ್. ಆ ಪಟ್ಟಿ ಸಾದಾ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ. ನಮ್ಮದು ಪಿಪಿಸಿ, ಅಂದರೆ ಪೋರ್ಟ್‌ಲ್ಯಾಂಡ್ ಪೊಝೊಲಾನಾ ಸಿಮೆಂಟು, ನಿಧಾನಕ್ಕೆ ಬಲ ಬರುವಂಥದ್ದು. ಅದಕ್ಕೇ ಇಂಜಿನಿಯರ್ ತೊಲೆಯ 14ನ್ನು 18 ಮಾಡಿದ್ದರು. ನಾನು ಆ 18ನ್ನು ಇಡೀ ಛಾವಣಿಗೆ ಹಚ್ಚಿಬಿಟ್ಟಿದ್ದೆ. ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿ ಕೇಳಿದೆ. "ಸ್ಲ್ಯಾಬ್ 10 ದಿನ ಇರಲಿ, ತೊಲೆಯದು 18 ಇರಲೇಬೇಕು. ತೊಲೆಯ ಜಾಕಿ ಬಿಚ್ಚಿ ಮತ್ತೆ ಕೊಡುವ ಆಟ ಬೇಡ" ಎಂದರು.

ಒಂದು ಸಾಲು ಎರಡಾಯಿತು. ಸ್ಲ್ಯಾಬ್ 54, ದಿನ 62ಕ್ಕೆ ಬಿಡುಗಡೆ. ತೊಲೆ 24, ದಿನ 70ಕ್ಕೆ. ಕೈಯಲ್ಲಿದ್ದ 2 ಸೇರಿ 56. ಸಂಪು, ಸ್ಟೋರ್ ಎರಡಕ್ಕೂ ಬೇಕಾದ್ದು 46. ಸಾಕು! 64ಕ್ಕೆ ಇನ್ನೂ ಎರಡು ದಿನ ಮುಂಚೆ. ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಕೇಳುವಷ್ಟು ಜೋರಾಗಿ ಕೂಗಿದೆ.

ಬಿಚ್ಚುವಾಗ ಹರವಿನ ಮಧ್ಯದಿಂದ ಶುರು ಮಾಡಿ ಆಧಾರದ ಕಡೆಗೆ ಬಂದೆವು. ಸ್ಟೋರ್ ರೂಮಿನ ಸಜ್ಜಾಕ್ಕೆ ಇದು ತಿರುಗಾಮುರುಗಾ, ತುದಿಯಿಂದ ಗೋಡೆ ಕಡೆಗೆ. ಆ ದಿನ ನಾನು ರಜೆ ಹಾಕಿ ಅಲ್ಲೇ ನಿಂತಿರುತ್ತೇನೆ. ಪ್ಯಾರಾಪೆಟ್ಟಿನ ಇಟ್ಟಿಗೆಯನ್ನು ವರ್ಕ್‌ಶಾಪಿನ ಮೇಲೆ ಪೇರಿಸೋಣ ಎಂದು ಹುಡುಗರು ಕೇಳಿದರು. ಬೇಡ ಎಂದೆ. ದಿನ 80ಕ್ಕೆ 28 ದಿನ ತುಂಬುತ್ತದೆ, ಅಲ್ಲಿಯವರೆಗೆ ಇಟ್ಟಿಗೆ ನೆಲದ ಮೇಲೇ ಇರಲಿ.

ಈಗ ಶೀಟಿನಲ್ಲಿ ಹೊಸ ಕಾಲಂ ಇದೆ: ಜಾಕಿ. ಪ್ರತಿ ದಿನದ ಒಟ್ಟು ಕೆಳಗೆ ಬರುತ್ತದೆ, 80 ಮೀರಿದರೆ ಕೆಂಪಾಗುತ್ತದೆ. ಶೀಟಿನ ಮಾತು ಹಾಗಿರಲಿ, ಗ್ರಾಫ್ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಕಂಬ ಕಂಬವಾಗಿ ಬರೆದಾಗಲೇ ನನಗೆ ಇದು ನಿಜವಾಗಿ ಅರ್ಥವಾಗಿದ್ದು. ಅದನ್ನು ಸ್ಟೋರಿನ ಗೋಡೆಗೆ ಅಂಟಿಸಿದ್ದೇನೆ, ಮೇಸ್ತ್ರಿಯೂ ನೋಡುತ್ತಾರೆ.

ಇನ್ನೊಂದನ್ನೂ ಶುರು ಮಾಡಿದ್ದೇನೆ. ಶನಿವಾರ ಕೂಲಿ ಕೊಡುವಾಗ ಮುಂದಿನ ವಾರ ಏನೇನು ಖಂಡಿತ ಮುಗಿಯುತ್ತದೆ ಎಂದು ಮೇಸ್ತ್ರಿ, ಕಂಬಿ ಕಟ್ಟುವವರು, ಪ್ಲಂಬರ್ ಬಾಯಿಂದಲೇ ಕೇಳಿ ಬರೆದುಕೊಳ್ಳುವುದು. ಬ್ಯಾಲಾರ್ಡ್ ಮತ್ತು ಹೋವೆಲ್ ಬೆಳೆಸಿದ ಲಾಸ್ಟ್ ಪ್ಲ್ಯಾನರ್ ಪದ್ಧತಿ. ಮುಂದಿನ ಶನಿವಾರ ಎಷ್ಟು ಮಾತು ಉಳಿಯಿತು ಎಂದು ಶೇಕಡಾ ಲೆಕ್ಕ. ಅದಕ್ಕೆ ಅವರು ಇಟ್ಟ ಹೆಸರೂ ಪಿಪಿಸಿ, ಪರ್ಸೆಂಟ್ ಪ್ಲ್ಯಾನ್ ಕಂಪ್ಲೀಟ್! ಮೊದಲ ವಾರ 11ರಲ್ಲಿ 6, ಅಂದರೆ 55. "ನಮ್ಮ ಪಿಪಿಸಿ 55" ಎಂದು ಗೋಡೆ ಮೇಲೆ ಬರೆದೆ. ಸಿಮೆಂಟ್ ಅಂಗಡಿಯ ಹುಡುಗ ಬಂದವನು, ಅದು ಯಾವ ಬ್ರ್ಯಾಂಡ್ ಸಾರ್, ನಮ್ಮಲ್ಲಿ 53 ಗ್ರೇಡಿನವರೆಗೆ ಮಾತ್ರ ಬರುತ್ತದೆ ಎಂದ.

ಮುಂದಿನ ಕೆಲಸದ ಬಗ್ಗೆ ಹೇಳದೆ ಇರಲು ಆಗುತ್ತಿಲ್ಲ. ಸುಗ್ಗಿ ಮುಗಿದಮೇಲೆ ತೋಟದ ಒಂದು ಬದಿಗೆ ಕಲ್ಲುಕಂಬದ ಬೇಲಿ. 50 ಕಂಬ. ಒಂದೇ ಕೆಲಸ 50 ಸಲ ಬರುವಾಗ ಕ್ರಿಟಿಕಲ್ ಪಾತ್ ಬೇಡ, ಲೈನ್ ಆಫ್ ಬ್ಯಾಲೆನ್ಸ್ ಬೇಕು, 1940ರ ದಶಕದಲ್ಲಿ ಗುಡ್‌ಇಯರ್ ಕಂಪನಿಯಲ್ಲಿ ಹುಟ್ಟಿದ್ದು. ಗುಂಡಿ ತೋಡುವವರು ದಿನಕ್ಕೆ 10, ಐದು ದಿನದಲ್ಲಿ ಮುಗಿಸುತ್ತಾರೆ. ಕಂಬ ನಿಲ್ಲಿಸುವವರು ದಿನಕ್ಕೆ 5. ಎರಡನೇ ದಿನ ಶುರು ಮಾಡಿದರೆ ಹನ್ನೊಂದನೇ ದಿನ ಮುಗಿಯುತ್ತದೆ. ತಂತಿ ಎಳೆಯುವವರು ಮತ್ತೆ ದಿನಕ್ಕೆ 10. ಬುಡದ ಕಾಂಕ್ರೀಟಿಗೆ 3 ದಿನ ಬಿಡಬೇಕು. ಮೊದಲ ಕಂಬಗಳು ಆರನೇ ದಿನವೇ ತಯಾರು, ಆದರೆ ಆಗ ತಂತಿಯವರನ್ನು ಕರೆದರೆ ಅವರು ಕಂಬದವರನ್ನು ಹಿಡಿದುಹಾಕಿ ಕೈಕಟ್ಟಿ ಕೂರುತ್ತಾರೆ, ಕೂಲಿ ನಾನು ಕೊಡಬೇಕು. ಹನ್ನೊಂದನೇ ದಿನ ಕರೆದರೆ ನಿಲ್ಲದೆ ಎಳೆದು ಹದಿನೈದಕ್ಕೆ ಮುಗಿಸುತ್ತಾರೆ. ಗ್ರಾಫಿನಲ್ಲಿ ಮೂರು ಓರೆ ಗೆರೆ, ಎಲ್ಲೂ ಒಂದನ್ನೊಂದು ತಾಗಬಾರದು. ಎಷ್ಟು ಚೆಂದ ಕಾಣುತ್ತದೆ ಗೊತ್ತಾ!

ಅದು ಆಮೇಲೆ. ನಾಳೆ ಸಂಪಿನ ಕಂಬಿ ಕಟ್ಟುತ್ತಾರೆ, ಮ್ಯಾನ್‌ಹೋಲಿನ ಜಾಗಕ್ಕೆ ಚೌಕಟ್ಟು ಇಡಬೇಕು. ಮೋಲ್ಡ್ ದಿನ 65ಕ್ಕೆ. ನೀರಿನ ಟ್ಯಾಂಕರಿನವರು ಬೆಳಿಗ್ಗೆ ಆರಕ್ಕೆ ಬರುತ್ತೇವೆ ಎಂದಿದ್ದಾರೆ. ಕಳೆದ ಸಲ ರಾತ್ರಿ ಹನ್ನೊಂದಕ್ಕೆ ಬಂದಿದ್ದರು. ಅದಕ್ಕೇ ಈ ಸಲ ಅವರ ಹೆಸರನ್ನೂ ಶನಿವಾರದ ಪಟ್ಟಿಯಲ್ಲಿ ಸೇರಿಸಿದ್ದೇನೆ.