ಸಾಕೆ, ಶೋಚುಗಳ ಕಾಕ್‌ಟೇಲ್: ನೀರಿನ ಲೆಕ್ಕಾಚಾರ

ಜಪಾನಿನ ಮದ್ಯಗಳಿಂದ ಕಾಕ್‌ಟೇಲ್ ಮಾಡಲು ಹೊರಡುವವರಲ್ಲಿ ಹಲವರು ಜಿನ್ ಅಥವಾ ವೋಡ್ಕಾದ ಬದಲಿಗೆ ಸಾಕೆಯನ್ನು ಸುರಿದು, ಉಳಿದೆಲ್ಲವನ್ನೂ ಇದ್ದ ಹಾಗೆಯೇ ಮಾಡುತ್ತಾರೆ. ಆಮೇಲೆ ಪಾನೀಯ ಸಪ್ಪೆಯಾಯಿತೆಂದು ದೂರುವವರೂ ಅವರೇ. ಅಕ್ಕಿಯನ್ನು ಹುದುಗಿಸಿ ತಯಾರಿಸುವ ಸಾಕೆಯಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 15ರ ಆಸುಪಾಸಿನಲ್ಲಿರುತ್ತದೆ, ಭಟ್ಟಿ ಇಳಿಸಿದ ಶೋಚುವಿನಲ್ಲಿಯೂ ಅದು ಬಹುತೇಕ ಶೇ. 25 ಮಾತ್ರ. ಮಂಜುಗಡ್ಡೆಯೊಂದಿಗೆ ಕುಲುಕುವಾಗ ಕರಗಿ ಸೇರುವ ನೀರು ಶೇ. 40ರ ಜಿನ್ನಿನ ತೀಕ್ಷ್ಣತೆಯನ್ನು ಹದಕ್ಕೆ ತರುತ್ತದೆ, ಆದರೆ ಅಷ್ಟೇ ನೀರು ಸಾಕೆಯನ್ನು ಮುಳುಗಿಸಿಬಿಡುತ್ತದೆ. ಆದ್ದರಿಂದ ನಾನು ಸಾಕೆಯನ್ನೂ ಲೋಟವನ್ನೂ ಮೊದಲೇ ಫ್ರಿಜ್ಜಿನಲ್ಲಿ ತಣ್ಣಗಾಗಿಸಿ, ಎರಡು ಪಾಲು ಜಿನ್ನಿಗೆ ಒಂದು ಪಾಲು ಸಾಕೆ ಸೇರಿಸಿ, ದೊಡ್ಡ ಮಂಜುಗಡ್ಡೆಯೊಂದಿಗೆ ತುಸು ಹೊತ್ತು ಕಲಕುತ್ತೇನೆ. ಸಾಕೆಯಲ್ಲಿ ಹುಳಿ ಕಡಿಮೆ. ಅದರ ರುಚಿಯ ಜೀವಾಳವೆಂದರೆ ಕೋಜಿ ಎಂಬ ಬೂಷ್ಟಿನ ನೆರವಿನಿಂದ ಹುಟ್ಟುವ ಅಮೈನೋ ಆಮ್ಲಗಳು. ಧಾರಾಳವಾಗಿ ನಿಂಬೆರಸ ಹಿಂಡಿದರೆ ಆ ರುಚಿ ನಾಲಗೆಗೆ ಸಿಗುವುದೇ ಇಲ್ಲ.

ಮದ್ಯಕ್ಕೆ ನೀರು ಬೆರೆಸುವುದನ್ನು ಕಳಪೆತನವೆಂದು ಕಾಣುವವರು ದಕ್ಷಿಣ ಜಪಾನಿನ ಕಾಗೋಶಿಮಾದ ರೂಢಿಯನ್ನು ಗಮನಿಸಬೇಕು. ಸಿಹಿಗೆಣಸಿನ ಶೋಚುವಿಗೆ ಹೆಸರಾದ ಆ ಸೀಮೆಯಲ್ಲಿ ಆರು ಪಾಲು ಶೋಚುವಿಗೆ ನಾಲ್ಕು ಪಾಲು ಬಿಸಿನೀರು ಬೆರೆಸಿ ಕುಡಿಯುವ ಪದ್ಧತಿಯಿದೆ. ಇದಕ್ಕೆ ಓಯುವಾರಿ ಎಂದು ಹೆಸರು. ಬಟ್ಟಲಿಗೆ ಮೊದಲು ಬೀಳಬೇಕಾದುದು ಬಿಸಿನೀರು. ಅದರ ಮೇಲೆ ನಿಧಾನವಾಗಿ ಶೋಚು ಸುರಿದರೆ, ತಣ್ಣನೆಯದು ಕೆಳಗಿಳಿಯುತ್ತ ಬಿಸಿಯಾದುದು ಮೇಲೇರುತ್ತ ಎರಡೂ ತಾವಾಗಿಯೇ ಬೆರೆಯುತ್ತವೆ. ಚಮಚ ಹಾಕುವ ಅಗತ್ಯವಿಲ್ಲ. ಹಬೆಯೊಂದಿಗೆ ಸುಟ್ಟ ಗೆಣಸಿನಂಥ ವಾಸನೆ ಮೂಗಿಗೆ ಬಡಿಯುತ್ತದೆ. ಕುದಿಯುವ ನೀರು ಮಾತ್ರ ಬೇಡ, ಅದರಿಂದ ಆಲ್ಕೋಹಾಲಿನ ಘಾಟು ಮುಂದಾಗುತ್ತದೆ. ಲೆಕ್ಕ ಹಾಕಿದರೆ ಶೇ. 25ರ ಶೋಚು ಹೀಗೆ ಶೇ. 15ಕ್ಕೆ, ಅಂದರೆ ಊಟದ ಜೊತೆಗೆ ಒಗ್ಗುವ ಸಾಕೆಯ ಮಟ್ಟಕ್ಕೆ ಬಂದು ನಿಲ್ಲುತ್ತದೆ.

ಟೋಕಿಯೋದ ಹಾದಿ ಬೇರೆ. ಯುದ್ಧಾನಂತರ ಬಿಯರು ದುಬಾರಿಯಾಗಿದ್ದ ಕಾಲದಲ್ಲಿ, 1948ರಲ್ಲಿ, ಮಾರುಕಟ್ಟೆಗೆ ಬಂದ ಹಾಪ್ಪಿ ಎಂಬ ಬಿಯರ್ ರುಚಿಯ ಪಾನೀಯವನ್ನು ಅಲ್ಲಿನವರು ಶೋಚುವಿಗೆ ಬೆರೆಸಿ ಕುಡಿಯತೊಡಗಿದರು. ಒಂದು ಪಾಲು ಶೋಚುವಿಗೆ ಐದು ಪಾಲು ಹಾಪ್ಪಿಯ ಪ್ರಮಾಣ. ಲೋಟ, ಶೋಚು, ಹಾಪ್ಪಿ ಮೂರೂ ಮೊದಲೇ ತಣ್ಣಗಿರಬೇಕು, ಮಂಜುಗಡ್ಡೆ ಬೇಡವೆಂಬುದು ನಿಷ್ಠಾವಂತರ ಹಟ. ಈ ಹಟಕ್ಕೆ ನನ್ನ ಪೂರ್ಣ ಸಮ್ಮತಿಯಿದೆ.

ಉಮೆ ಎಂಬ ಹುಳಿ ಹಣ್ಣಿನ ಕಾಯಿಗಳನ್ನು ಕಲ್ಲುಸಕ್ಕರೆಯೊಂದಿಗೆ ಮದ್ಯದಲ್ಲಿ ನೆನೆಸಿಟ್ಟ ಉಮೆಶುವಿಗೆ ಸೋಡಾ ಒಂದಿದ್ದರೆ ಸಾಕು. ಅದರಲ್ಲಿ ಸಿಹಿಯೂ ಹುಳಿಯೂ ಆಗಲೇ ಇರುವುದರಿಂದ ಮತ್ತೆ ಸಕ್ಕರೆ ಪಾಕ ಹಾಕುವುದು ದಂಡ. ಒಕಿನಾವಾದ ಅವಾಮೊರಿಯಾದರೆ ಕಪ್ಪು ಕೋಜಿ ಮತ್ತು ಥಾಯ್ಲೆಂಡಿನ ಉದ್ದ ಕಾಳಿನ ಅಕ್ಕಿಯಿಂದ ತಯಾರಾಗುವ ಗಟ್ಟಿ ಸ್ವಭಾವದ ಮದ್ಯ. ಅದೇ ದ್ವೀಪಗಳ ಶಿಕ್ವಾಸಾ ಎಂಬ ಪುಟ್ಟ ನಿಂಬೆಯ ರಸವನ್ನು ಅದು ಆರಾಮವಾಗಿ ತಾಳಿಕೊಳ್ಳುತ್ತದೆ. ಆದರೆ ಮೂರು ವರ್ಷಕ್ಕೂ ಮೇಲ್ಪಟ್ಟು ಮಾಗಿಸಿದ ಅವಾಮೊರಿ ಸಿಕ್ಕರೆ ಅದಕ್ಕೆ ಯಾವ ರಸವನ್ನೂ ಸೇರಿಸದೆ ಚಿಕ್ಕ ಬಟ್ಟಲಿನಲ್ಲಿ ಹಾಗೆಯೇ ಕುಡಿಯಬೇಕೆಂಬುದು ನನ್ನ ಅಭಿಪ್ರಾಯ.